ಆಸ್ಪತ್ರೆಯಲ್ಲಿ ಕೈ ತೊಳೆಯೋದು ಯಾವಾಗ? ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಕಳೆದ ತಿಂಗಳು ಆಪರೇಷನ್ ಆದ ಮೇಲೆ ಹೊಲಿಗೆಗೆ ನಂಜಾಗುವುದರ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈ ತೊಳೆಯುವುದರ ಬಗ್ಗೆಯೇ ಇವೆ. ನನಗೆ ತುಂಬಾ ಖುಷಿಯಾಯಿತು. ನಾನು ಇಪ್ಪತ್ತೆರಡು ವರ್ಷದಿಂದ ನರ್ಸ್. ಅದರಲ್ಲಿ ಒಂಬತ್ತು ವರ್ಷದಿಂದ ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ವಾರ್ಡಿನಿಂದ ವಾರ್ಡಿಗೆ ಹೋಗಿ ಒಂದು ಮೂಲೆಯಲ್ಲಿ ನಿಂತು, ಯಾರು ಯಾವಾಗ ಕೈ ತೊಳೆದರು, ಯಾವಾಗ ಬಿಟ್ಟರು ಅಂತ ಬರೆದುಕೊಳ್ಳುತ್ತೇನೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ನಮ್ಮಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿ ಐದು ದಿನ ಜನರಲ್ ವಾರ್ಡಿನಲ್ಲಿದ್ದೆವು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಪಕ್ಕದ ಬೆಡ್ಡಿನವರ ಹೊಟ್ಟೆ ಒತ್ತಿ ನೋಡಿ, ಅದೇ ಕೈಯಲ್ಲಿ ನಮ್ಮಮ್ಮನ ಡ್ರೆಸ್ಸಿಂಗ್ ಎತ್ತಿ ನೋಡಿದರು. ಹೇಳೋಣ ಅಂತ ಬಾಯಿತನಕ ಬಂತು, ಹೇಳಲಿಲ್ಲ. ಸಿಟ್ಟು ಮಾಡಿಕೊಂಡು ಅಮ್ಮನನ್ನ ಸರಿಯಾಗಿ ನೋಡದೇ ಹೋದ್ರೆ ಅಂತ ಭಯ. ಹೇಳಬಹುದಿತ್ತಾ ಸಿಸ್ಟರ್?
– ಓದುಗರು, ತಿಪಟೂರು

ಉತ್ತರ: ಹೇಳಬಹುದಿತ್ತು. ಹೇಳಲಿಲ್ಲವಲ್ಲ ಅಂತ ನೀವು ಕೊರಗಬೇಡಿ, ಯಾಕೆಂದರೆ ಕೈ ತೊಳೆಯುವ ಹೊಣೆ ಅವರದ್ದು, ನಿಮ್ಮದಲ್ಲ. ಆದರೆ ಮುಂದಿನ ಸಲಕ್ಕೆ ಒಂದು ದಾರಿ ಹೇಳ್ತೀನಿ.

ಮೊದಲು, ಅವರು ಯಾವಾಗ ಕೈ ತೊಳೆಯಬೇಕಿತ್ತು ಅನ್ನುವುದು ನಿಮಗೆ ಗೊತ್ತಿರಲಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಆಸ್ಪತ್ರೆಗಳಿಗೆ ಐದು ಸಂದರ್ಭಗಳನ್ನು ಹೇಳಿದೆ. ರೋಗಿಯನ್ನು ಮುಟ್ಟುವ ಮುಂಚೆ. ಇಂಜೆಕ್ಷನ್, ಡ್ರೆಸ್ಸಿಂಗ್, ಡ್ರಿಪ್ಪಿನಂಥ ಕೆಲಸಕ್ಕೆ ಕೈ ಹಾಕುವ ಮುಂಚೆ. ರಕ್ತ, ಕೀವು, ಮೂತ್ರ ತಗುಲಿರಬಹುದಾದ ಕೆಲಸ ಆದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಕೊನೆಯದು, ರೋಗಿಯನ್ನು ಮುಟ್ಟದಿದ್ದರೂ ಅವರ ಮಂಚ, ಹೊದಿಕೆ, ಪಕ್ಕದ ಟೇಬಲ್ ಮುಟ್ಟಿದ ಮೇಲೆ. ನಿಮ್ಮ ಡಾಕ್ಟರು ಪಕ್ಕದ ಬೆಡ್ ಬಿಟ್ಟಾಗ ಒಂದು ಸಲ ಕೈಗೆ ಹ್ಯಾಂಡ್‌ರಬ್ (ಅಂದರೆ ಸ್ಯಾನಿಟೈಸರ್) ಹಾಕಿಕೊಂಡು ನೇರ ನಿಮ್ಮಮ್ಮನ ಹತ್ತಿರ ಬಂದು ಮುಟ್ಟಿದ್ದರೆ ಅದೇ ಒಂದು ಸಲ ಎರಡಕ್ಕೂ ಆಗುತ್ತಿತ್ತು. ಡ್ರೆಸ್ಸಿಂಗ್ ಎತ್ತುವ ಮುಂಚೆ ಇನ್ನೊಂದು ಸಲ. ಇಪ್ಪತ್ತು ಮೂವತ್ತು ಸೆಕೆಂಡಿನ ಕೆಲಸ ಅಷ್ಟೇ.

ಒಂಬತ್ತು ವರ್ಷ ಮೂಲೆಯಲ್ಲಿ ನಿಂತು ನೋಡಿದ ನನಗೆ ಎದ್ದು ಕಂಡಿದ್ದು ಒಂದೇ ವಿಷಯ. ಮುಟ್ಟಿದ ಮೇಲೆ ಕೈ ತೊಳೆಯುವವರು ಬೇಕಾದಷ್ಟು ಜನ, ಮುಟ್ಟುವ ಮುಂಚೆ ತೊಳೆಯುವವರು ಕಡಿಮೆ. ಕೀವು ಮುಟ್ಟಿದರೆ ಯಾರೂ ಹೇಳಬೇಕಿಲ್ಲ, ಅಸಹ್ಯ ಆಗಿ ಕಾಲು ತಾನಾಗೇ ನಲ್ಲಿ ಕಡೆ ಹೋಗುತ್ತೆ. ಮುಟ್ಟುವ ಮುಂಚೆ ನಮ್ಮ ಕೈ ನಮಗೆ ಕ್ಲೀನಾಗೇ ಕಾಣುತ್ತೆ. ಮೇಲೆ ತೊಳೆಯುವುದು ನಮ್ಮನ್ನು ಕಾಯುತ್ತೆ, ಮುಂಚೆ ತೊಳೆಯುವುದು ಮಲಗಿರುವವರನ್ನು ಕಾಯುತ್ತೆ. ನಿಮ್ಮಮ್ಮನಿಗೆ ಬೇಕಾಗಿದ್ದು ಆ ‘ಮುಂಚೆ’.

ಇನ್ನು ಹೇಳುವುದು ಹೇಗೆ? "ನೀವು ಕೈ ತೊಳೆದಿಲ್ಲ" ಅಂದರೆ ಯಾರಿಗಾದರೂ ಚುಚ್ಚುತ್ತೆ. ಡಾಕ್ಟರು ಹತ್ತಿರ ಬರುವ ಮುಂಚೆಯೇ ಬಾಟಲಿ ನಿಮ್ಮ ಕೈಯಲ್ಲಿರಲಿ. "ಸರ್, ಅಮ್ಮನಿಗೆ ಶುಗರ್ ಇದೆ, ನಂಜಾಗಿಬಿಡುತ್ತೆ ಅಂತ ಭಯ, ಸ್ಯಾನಿಟೈಸರ್ ಇಲ್ಲೇ ಇದೆ ಸರ್" ಅಂತ ಮುಂದೆ ಹಿಡಿಯಿರಿ. ಹೆಚ್ಚಿನವರು "ಹಾಂ, ಕೊಡಿ" ಅಂತ ಕೈ ಚಾಚುತ್ತಾರೆ. ನಾನೇ ಎಷ್ಟೋ ಸಲ ನೋಡಿದ್ದೀನಿ. ಡಾಕ್ಟರಿಗೆ ಹೇಳಲು ಬಾಯಿ ಬರದಿದ್ದರೆ ಡ್ಯೂಟಿ ಸಿಸ್ಟರಿಗೆ ಹೇಳಿ. ಸಿಸ್ಟರೇ ಮರೆತಿದ್ದರೆ ಅವರಿಗೂ ಹೇಳಿ. ನನಗೂ ಒಬ್ಬ ಅಜ್ಜಿ ಹೇಳಿದ್ದಾರೆ, "ಮಗಾ, ಕೈಗೆ ಆ ನೀರು ಹಾಕ್ಕೊಂಡು ಮುಟ್ಟವ್ವ" ಅಂತ. ಅವತ್ತು ಆ ಮಾತು ಬೇಕಿತ್ತು.

ಡಾಕ್ಟರು, ನರ್ಸು ಯಾಕೆ ಮರೆಯುತ್ತಾರೆ ಅಂತಲೂ ಕೇಳಿಕೊಳ್ಳಬೇಕು. ಸೋಮಾರಿತನ ಅಂತ ಒಂದೇ ಮಾತಲ್ಲಿ ಹೇಳಿಬಿಡೋದು ಸರಿಯಲ್ಲ. ಐಸಿಯುನಲ್ಲಿ ಒಬ್ಬ ನರ್ಸಿಗೆ ಗಂಟೆಗೆ ಇಪ್ಪತ್ತು ಸಲ ಕೈ ತೊಳೆಯಬೇಕಾಗಿ ಬಂತು ಅಂದುಕೊಳ್ಳಿ. ಪ್ರತಿ ಸಲ ಸಿಂಕ್ ತನಕ ಹೋಗಿ, ಸೋಪು ಹಚ್ಚಿ, ತೊಳೆದು, ಒರೆಸಿಕೊಂಡು ಬರಲು ಒಂದು ನಿಮಿಷ ಅಂದರೂ ಗಂಟೆಯಲ್ಲಿ ಇಪ್ಪತ್ತು ನಿಮಿಷ ಅದಕ್ಕೇ ಹೋಯಿತು. ಸ್ವಿಟ್ಜರ್ಲೆಂಡಿನ ಜಿನೀವಾ ಆಸ್ಪತ್ರೆಯಲ್ಲಿ ಡಾ. ಡಿಡಿಯೆ ಪಿಟ್ಟೆ ಅನ್ನುವವರು ಇದಕ್ಕೆ ಪರಿಹಾರ ಹುಡುಕಿದರು. ಹ್ಯಾಂಡ್‌ರಬ್ ಬಾಟಲಿಯನ್ನು ಮಂಚದ ಪಕ್ಕಕ್ಕೇ ತಂದಿಟ್ಟರು, ಗೋಡೆಗೆ ಪೋಸ್ಟರ್ ಹಾಕಿದರು, ಎಲ್ಲರನ್ನೂ ಗಮನಿಸಿ ಫಲಿತಾಂಶವನ್ನು ಅವರಿಗೇ ತಿಳಿಸಿದರು. 1994ರಲ್ಲಿ ನೂರಕ್ಕೆ 48 ಸಲ ಕೈ ಶುಚಿ ಮಾಡುತ್ತಿದ್ದವರು 1997ರ ಹೊತ್ತಿಗೆ 66ಕ್ಕೆ ಬಂದರು. ಆಸ್ಪತ್ರೆಯಲ್ಲೇ ಅಂಟಿದ ಸೋಂಕು 1994ರಲ್ಲಿ ಶೇ. 16.9 ಇದ್ದದ್ದು 1998ರಲ್ಲಿ ಶೇ. 9.9ಕ್ಕೆ ಇಳಿಯಿತು. ಹಾಗಾಗಿ ನಿಮ್ಮ ವಾರ್ಡಿನಲ್ಲಿ ಬಾಟಲಿ ಬಾಗಿಲ ಹತ್ತಿರ ಮಾತ್ರ ಇದ್ದರೆ, ಮಂಚದ ಹತ್ತಿರ ಇಡಿಸಿ ಅಂತ ಕೇಳಿ. ಅದು ದೊಡ್ಡ ಸಹಾಯ.

ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ಈ ಲೆಕ್ಕ ಹೇಳಿ. ಆಸ್ಪತ್ರೆಗೆ ಸೇರಿದ ನೂರು ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನಕ್ಕೆ, ನಮ್ಮಂಥ ದೇಶಗಳಲ್ಲಿ 15 ಜನಕ್ಕೆ ಅಲ್ಲಿಯೇ ಹೊಸದೊಂದು ಸೋಂಕು ಅಂಟುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಬಂದ ಕಾಯಿಲೆ ಒಂದು, ಜೊತೆಗೆ ಮನೆಗೆ ಹೊತ್ತುಕೊಂಡು ಹೋಗೋದು ಇನ್ನೊಂದು.

ಪ್ರಶ್ನೆ: ರಕ್ತ ತೆಗೆಯಲು ಬಂದ ಹುಡುಗ ಒಂದೇ ಜೊತೆ ಗ್ಲೌಸಿನಲ್ಲಿ ಸಾಲಾಗಿ ಆರು ಜನರ ರಕ್ತ ತೆಗೆದ. ಗ್ಲೌಸ್ ಇದೆಯಲ್ಲ, ಇನ್ನು ಕೈ ತೊಳೆಯೋದು ಯಾಕೆ ಅಂದ. ಸರೀನಾ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಸರಿಯಲ್ಲ ಸರ್. ಆ ಗ್ಲೌಸ್ ಅವನನ್ನು ಕಾಯಿತು, ಆರು ಜನರನ್ನು ಕಾಯಲಿಲ್ಲ. ಮೊದಲನೆಯವರ ಚರ್ಮದ ಮೇಲಿನ ಕ್ರಿಮಿ ಗ್ಲೌಸಿನ ಮೇಲೆ ಕೂತು ಎರಡನೆಯವರಿಗೆ, ಅಲ್ಲಿಂದ ಮೂರನೆಯವರಿಗೆ ಹೋಗುತ್ತೆ. ಬರಿಗೈಯಾದರೆ ಗಲೀಜು ಅನ್ನಿಸಿ ತೊಳೆಯುವ ಮನಸ್ಸಾದರೂ ಬರುತ್ತೆ, ಗ್ಲೌಸ್ ಹಾಕಿದರೆ ಅದೂ ಬರಲ್ಲ. ಒಬ್ಬ ರೋಗಿಗೆ ಒಂದು ಜೊತೆ. ಹಾಕುವ ಮುಂಚೆ ಕೈ ಶುಚಿ, ತೆಗೆದ ಮೇಲೂ ಶುಚಿ, ಯಾಕೆಂದರೆ ಗ್ಲೌಸಿಗೆ ಕಣ್ಣಿಗೆ ಕಾಣದ ತೂತು ಇರಬಹುದು, ಬಿಚ್ಚುವಾಗ ಹೊರಗಿನದು ಕೈಗೆ ತಾಗುತ್ತೆ. ಹಾಕಿದ ಗ್ಲೌಸಿನ ಮೇಲೇ ಸ್ಯಾನಿಟೈಸರ್ ಉಜ್ಜಿಕೊಂಡು ಮುಂದಿನವರ ಹತ್ತಿರ ಹೋಗೋದೂ ಸರಿಯಲ್ಲ. "ಗ್ಲೌಸ್ ಬದಲಾಯಿಸಪ್ಪ" ಅಂತ ಧೈರ್ಯವಾಗಿ ಹೇಳಿ. ಮೇಷ್ಟ್ರು ಹೇಳಿದರೆ ಕೇಳುತ್ತಾನೆ.

ಪ್ರಶ್ನೆ: ಸೋಪು ಒಳ್ಳೆಯದಾ, ಸ್ಯಾನಿಟೈಸರಾ? ಮೆಡಿಕಲ್ ಶಾಪಿನಲ್ಲಿ ಹತ್ತು ತರದ ಬಾಟಲಿ ಇವೆ. ಆ್ಯಂಟಿಬ್ಯಾಕ್ಟೀರಿಯಲ್ ಸೋಪು ತಗೊಳ್ಳಬೇಕಾ?
– ಗೃಹಿಣಿ, ಶಿರಸಿ

ಉತ್ತರ: ಎರಡೂ ಬೇಕು, ಆದರೆ ಬೇರೆ ಬೇರೆ ಹೊತ್ತಿಗೆ.

ಕೈ ನೋಡೋಕೆ ಶುದ್ಧ ಇದ್ದರೆ ಸ್ಯಾನಿಟೈಸರ್ ಸಾಕು. ಆಸ್ಪತ್ರೆಯಲ್ಲಿ ಅದೇ ಉತ್ತಮ, ಬೇಗ ಆಗುತ್ತೆ, ಸಿಂಕ್ ಹುಡುಕಬೇಕಿಲ್ಲ. ಕೈಗೆ ಮಣ್ಣು, ಎಣ್ಣೆ, ರಕ್ತ, ಮಗುವಿನ ಕಕ್ಕ ಏನಾದರೂ ಕಣ್ಣಿಗೆ ಕಾಣುವಂತೆ ಅಂಟಿದ್ದರೆ ಸೋಪು ನೀರೇ ಬೇಕು, ಕೊಳೆಯ ಮೇಲೆ ಸ್ಯಾನಿಟೈಸರ್ ಹಾಕಿದರೆ ಕೆಲಸ ಆಗಲ್ಲ. ಟಾಯ್ಲೆಟ್ಟಿಗೆ ಹೋಗಿ ಬಂದ ಮೇಲೆ, ಊಟಕ್ಕೆ ಮುಂಚೆ ಸೋಪು. ರೋಗಿಗೆ ಭೇದಿ ಆಗುತ್ತಿದ್ದರೆ ಖಂಡಿತ ಸೋಪು. ಆ್ಯಂಟಿಬಯಾಟಿಕ್ ಜಾಸ್ತಿ ತೆಗೆದುಕೊಂಡವರಿಗೆ ಭೇದಿ ತರುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅಂತ. ಅದು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಕೂರುತ್ತೆ, ಆಲ್ಕೋಹಾಲಿಗೆ ಜಗ್ಗಲ್ಲ. ಅದನ್ನು ಸೋಪು ಹಚ್ಚಿ ಉಜ್ಜಿ, ನೀರಿನಲ್ಲಿ ಕೊಚ್ಚಿಕೊಂಡು ಹೋಗುವಂತೆ ತೊಳೆಯಬೇಕು ಅಷ್ಟೇ.

ಬಾಟಲಿ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಆಲ್ಕೋಹಾಲ್ ಶೇ. 60ಕ್ಕಿಂತ ಕಡಿಮೆ ಇದ್ದರೆ ಬೇಡ. ನೂರಕ್ಕೆ ನೂರು ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಕ್ರಿಮಿಯ ಪ್ರೋಟೀನನ್ನು ಕೆಡಿಸಲು ಆಲ್ಕೋಹಾಲಿನ ಜೊತೆ ಸ್ವಲ್ಪ ನೀರೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಗಳೇ ತಯಾರಿಸಿಕೊಳ್ಳಲಿ ಅಂತ ಕೊಟ್ಟ ಲೆಕ್ಕದಲ್ಲಿ ಎಥನಾಲ್ ಶೇ. 80 ಇದೆ, ಚರ್ಮ ಒಣಗದಿರಲಿ ಅಂತ ಗ್ಲಿಸರಿನ್ ಶೇ. 1.45 ಸೇರಿಸುತ್ತಾರೆ. ಚೀಟಿಯೇ ಇಲ್ಲದ ಬಾಟಲಿ, ಕ್ಯಾನಿನಿಂದ ಬಗ್ಗಿಸಿ ಮಾರುವುದು ತಗೊಳ್ಳಬೇಡಿ, ಮೆಥನಾಲ್ ಕಲಬೆರಕೆ ಆಗಿದ್ದರೆ ಅದು ವಿಷ. ಮಕ್ಕಳ ಕೈಗೆ ಬಾಟಲಿ ಸಿಗದಂತೆ ಇಡಿ. ಇನ್ನೊಂದು, ಹಚ್ಚಿದ ಮೇಲೆ ಕೈ ಪೂರ್ತಿ ಒಣಗುವ ತನಕ ಒಲೆ ಹಚ್ಚಬೇಡಿ, ದೀಪದ ಹತ್ತಿರ ಹೋಗಬೇಡಿ, ಬೆಂಕಿ ಹತ್ತುತ್ತೆ.

ಸೋಪು ಯಾವುದಾದರೂ ಸರಿ. ಮನೆ ಬಳಕೆಯ ಆ್ಯಂಟಿಬ್ಯಾಕ್ಟೀರಿಯಲ್ ಸೋಪು ಸಾದಾ ಸೋಪಿಗಿಂತ ಮೇಲು ಅನ್ನುವುದಕ್ಕೆ ಕಂಪನಿಗಳು ಪುರಾವೆ ಕೊಡಲಿಲ್ಲ ಅಂತ ಅಮೆರಿಕದಲ್ಲಿ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅಂಥ ಸೋಪುಗಳಿಂದ ತೆಗೆಸಿದರು. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಮೈಗೆ ಹಚ್ಚುವ ಸಾದಾ ಸೋಪು ಸಾಕು, ಹಚ್ಚುವ ಕೈ ಸರಿ ಇರಬೇಕು.

ಪ್ರಶ್ನೆ: ಜಿಎನ್‌ಎಂ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ದಿನಾ ಕೈ ತೊಳೆದು ತೊಳೆದು ಬೆರಳ ಸಂದಿ ಬಿರುಕು ಬಿಟ್ಟಿದೆ, ಸ್ಯಾನಿಟೈಸರ್ ಹಾಕಿದರೆ ಉರಿ. ಮದುವೆಯಾಗಿ ಮೂರು ತಿಂಗಳಾಯಿತು. ವಾರ್ಡಿನಲ್ಲಿ ಬಳೆ ತೆಗಿ ಅಂತಾರೆ, ಮನೆಯಲ್ಲಿ ಅತ್ತೆ ಬಿಡಲ್ಲ. ಏನ್ ಮಾಡ್ಲಿ ಅಕ್ಕಾ?
– ಹೆಸರು ಬೇಡ, ಗದಗ

ಉತ್ತರ: ತಂಗಿ, ಬಳೆಯ ಮಾತು ಮೊದಲು. ಆ ವಯಸ್ಸಿನಲ್ಲಿ ನಾನೂ ಇದನ್ನೇ ಅನುಭವಿಸಿದ್ದೀನಿ. ಡ್ಯೂಟಿಗೆ ಹೊರಡುವಾಗ ಗಾಜಿನ ಬಳೆ ತೆಗೆದು ದೇವರ ಮುಂದೆ ತಟ್ಟೆಯಲ್ಲಿ ಇಟ್ಟು ಹೋಗುತ್ತಿದ್ದೆ, ಬಂದು ಸ್ನಾನ ಮಾಡಿ ಮತ್ತೆ ತೊಟ್ಟುಕೊಳ್ಳುತ್ತಿದ್ದೆ. ಅತ್ತೆಯವರಿಗೆ ಮೊದಲು ಬೇಜಾರಾಯಿತು. ಒಂದು ದಿನ ನನ್ನ ಉಂಗುರ ತೆಗೆದು ಅದರ ಅಡಿಯ ಚರ್ಮ ತೋರಿಸಿದೆ. ಸೋಪಿನ ಬಿಳಿ ಪದರ ಹಾಗೇ ಕೂತಿತ್ತು, ಚರ್ಮ ನೆಂದು ಬೆಳ್ಳಗಾಗಿತ್ತು. "ಇಲ್ಲಿಗೆ ನೀರೇ ಹೋಗಲ್ಲ ಅತ್ತೆ, ಈ ಕೈಯಲ್ಲಿ ಒಂದು ದಿನದ ಕೂಸನ್ನ ಎತ್ತಬೇಕು" ಅಂದೆ. ಆಮೇಲೆ ಆ ತಟ್ಟೆಯನ್ನು ಅವರೇ ತೆಗೆದಿಡುತ್ತಿದ್ದರು. ನಿಮ್ಮ ಅತ್ತೆಗೂ ಹೀಗೇ ತೋರಿಸಿ ನೋಡಿ. ಮೊಣಕೈಯಿಂದ ಕೆಳಗೆ ಬಳೆ, ವಾಚು, ಉಂಗುರ, ದಾರ ಏನೂ ಬೇಡ. ಉಗುರು ಗಿಡ್ಡಗಿರಲಿ, ನೇಲ್ ಪಾಲಿಶ್ ಬೇಡ. ತಾಳಿ ಸರ ಯೂನಿಫಾರ್ಮಿನ ಒಳಗಿರಲಿ, ಬಗ್ಗಿದಾಗ ರೋಗಿಯ ಮೈಗೆ ತಾಗದ ಹಾಗೆ.

ಇನ್ನು ಬಿರುಕು. ಇದನ್ನು ಸಹಿಸಿಕೊಂಡು ಕೂರಬೇಡಿ, ಬಿರಿದ ಚರ್ಮದಲ್ಲಿ ಕ್ರಿಮಿ ಜಾಸ್ತಿ ಉಳಿಯುತ್ತೆ, ಕೈ ಉರಿಯುತ್ತೆ ಅಂತ ನೀವೂ ತೊಳೆಯೋದು ಬಿಡುತ್ತೀರಿ. ನಿಮಗೆ ಉರಿ ತರಿಸುವ ಸ್ಯಾನಿಟೈಸರೇ ಸೋಪಿಗಿಂತ ಚರ್ಮಕ್ಕೆ ಮೃದು, ಅದರಲ್ಲಿ ಗ್ಲಿಸರಿನ್ ಇದೆ. ಬಿರುಕು ಬಿಟ್ಟ ಮೇಲೆ ಹಾಕಿದರೆ ಉರಿಯುತ್ತೆ, ಬಿರುಕಿಗೆ ಕಾರಣ ಹೆಚ್ಚಾಗಿ ಸೋಪು ಮತ್ತು ಬಿಸಿನೀರು. ಸೋಪಿನಲ್ಲಿ ತೊಳೆದ ಕೂಡಲೇ ಮೇಲೆ ಸ್ಯಾನಿಟೈಸರ್ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಎರಡರಲ್ಲಿ ಒಂದು ಸಾಕು. ಒದ್ದೆ ಕೈಗೆ ಗ್ಲೌಸ್ ತೊಡಬೇಡಿ. ತಣ್ಣೀರಲ್ಲೇ ತೊಳೆಯಿರಿ, ಉಜ್ಜಿ ಒರೆಸಬೇಡಿ, ಒತ್ತಿ ಒರೆಸಿ. ಡ್ಯೂಟಿ ಮುಗಿದ ಮೇಲೆ, ರಾತ್ರಿ ಮಲಗುವ ಮುಂಚೆ ಕ್ರೀಮ್ ಹಚ್ಚಿ. ಹಾಗೂ ಕಡಿಮೆ ಆಗದಿದ್ದರೆ, ಕೆಂಪಾಗಿ ನೀರು ಸೋರಿದರೆ ಚರ್ಮದ ಡಾಕ್ಟರಿಗೆ ತೋರಿಸಿ, ನಿಮ್ಮ ವಾರ್ಡ್ ಇನ್‌ಚಾರ್ಜ್ ಸಿಸ್ಟರಿಗೂ ಹೇಳಿ.

ನೀವು ಕೇಳಿಲ್ಲ, ಆದರೂ ನರ್ಸಿಂಗ್ ಮಕ್ಕಳಿಗೆ ನಾನು ಮಾಡಿಸುವ ಒಂದು ಪರೀಕ್ಷೆ ಹೇಳ್ತೀನಿ. ನೇರಳಾತೀತ (ಯುವಿ) ಬೆಳಕಿನಲ್ಲಿ ಮಾತ್ರ ಹೊಳೆಯುವ ಒಂದು ಜೆಲ್ ಇದೆ. ಅದನ್ನು ಸ್ಯಾನಿಟೈಸರಿನ ತರ ಹಚ್ಚಿಕೊಳ್ಳಿ ಅಂತ ಕೊಡುತ್ತೇನೆ. ಎಲ್ಲರೂ ಚೆನ್ನಾಗಿ ಉಜ್ಜುತ್ತಾರೆ. ಆಮೇಲೆ ಕೋಣೆಯ ಲೈಟ್ ಆರಿಸಿ, ಆ ದೀಪದ ಅಡಿಗೆ ಒಬ್ಬೊಬ್ಬರಾಗಿ ಕೈ ಹಿಡಿಯಬೇಕು. ಅಂಗೈ ಬೆಳ್ಳಗೆ ಫಳಫಳ ಹೊಳೆಯುತ್ತೆ. ಹೆಬ್ಬೆರಳು ಕಪ್ಪು. ಬೆರಳ ತುದಿ ಕಪ್ಪು. ಕೈ ಹಿಂಭಾಗದಲ್ಲಿ ಅಲ್ಲಲ್ಲಿ ಕಪ್ಪು ತೇಪೆ. ಬಲಗೈಯವರ ಬಲ ಹೆಬ್ಬೆರಳೇ ಹೆಚ್ಚಾಗಿ ತಪ್ಪಿ ಹೋಗಿರುತ್ತೆ. ಯಾವ ಬೆರಳಿನಿಂದ ನಾಡಿ ಹಿಡಿಯುತ್ತೇವೋ, ಸಿರಿಂಜ್ ಒತ್ತುತ್ತೇವೋ, ಕೂಸಿನ ಬಾಯಿ ಒರೆಸುತ್ತೇವೋ ಆ ಬೆರಳೇ. ಅವತ್ತು ಕೋಣೆಯಲ್ಲಿ ಸದ್ದೇ ಇರಲ್ಲ. ಮಾರನೇ ದಿನದಿಂದ ಅವರು ಉಜ್ಜುವ ರೀತಿಯೇ ಬೇರೆ. ಅಂಗೈ ತುಂಬ ಹ್ಯಾಂಡ್‌ರಬ್ ಬಗ್ಗಿಸಿ, ಅಂಗೈಗೆ ಅಂಗೈ, ಅಂಗೈಯಿಂದ ಹಿಂಗೈ, ಬೆರಳ ಸಂದಿ, ಬೆರಳ ಹಿಂಭಾಗ, ಒಂದೊಂದೇ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ, ಕೊನೆಗೆ ಬೆರಳ ತುದಿಗಳನ್ನು ಇನ್ನೊಂದು ಅಂಗೈಯಲ್ಲಿ ಗೀರಿ ಉಜ್ಜಬೇಕು. ಸೋಪಿನಲ್ಲಾದರೆ ಒಣಗಿಸುವುದೂ ಸೇರಿ 40ರಿಂದ 60 ಸೆಕೆಂಡ್.

ಪ್ರಶ್ನೆ: ಮಗಳಿಗೆ ಹೆರಿಗೆಯಾಗಿ ಹತ್ತು ದಿನ. ಕೂಸು ಒಂದು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ಐಸಿಯು) ಇತ್ತು, ಈಗ ಮನೆಗೆ ಬಂದಿದೆ. ನೆಂಟರು ಬಂದವರೆಲ್ಲ ಎತ್ತಿಕೊಳ್ಳುತ್ತಾರೆ, ಕೆನ್ನೆ ಹಿಂಡುತ್ತಾರೆ. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ.
– ಅಜ್ಜಿಯಾದ ಓದುಗರು, ಮಂಡ್ಯ

ಉತ್ತರ: ಅಮ್ಮಾ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಮೂರು ತಿಂಗಳು ಬಿಟ್ಟು ಅವರೇ ಬಂದು ಮುದ್ದು ಮಾಡುತ್ತಾರೆ. ಎನ್‌ಐಸಿಯುನಿಂದ ಬಂದ ಕೂಸಿಗೆ ನಂಜು ತಡೆಯುವ ಶಕ್ತಿ ತುಂಬಾ ಕಡಿಮೆ.

ಬಾಗಿಲ ಹತ್ತಿರವೇ ಒಂದು ಸ್ಟೂಲಿನ ಮೇಲೆ ನೀರು, ಸೋಪು, ಒಗೆದ ಟವೆಲ್ ಇಡಿ. ನಮ್ಮಲ್ಲಿ ಮನೆಗೆ ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಡುವ ಪದ್ಧತಿ ಇದ್ದೇ ಇದೆ, ಅದನ್ನೇ ಮಾಡಿ. "ಬನ್ನಿ, ಕೈಕಾಲು ತೊಳ್ಕೊಳ್ಳಿ" ಅಂದರೆ ಯಾರೂ ತಪ್ಪು ತಿಳಿಯಲ್ಲ. ನೆಗಡಿ ಕೆಮ್ಮು ಇದ್ದವರು ದೂರದಿಂದ ನೋಡಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗಲೂ ಮೊದಲು ಕೈ ತೊಳೆದೇ ಕೂಸನ್ನು ಮುಟ್ಟುತ್ತಾರೆ, ಅವರಿಗೆ ಹಾಗೇ ಕಲಿಸಿರುತ್ತಾರೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ 3, 7, 14, 21, 28, 42ನೇ ದಿನ ಅವರ ಭೇಟಿ ಇರುತ್ತೆ. ನೆಂಟರು ಇದ್ದಾಗಲೇ ಅವರು ಬಂದರೆ ಅವರ ಬಾಯಲ್ಲೇ ಹೇಳಿಸಿ, ನಿಮ್ಮ ಮಾತಿಗಿಂತ ಬೇಗ ನಾಟುತ್ತೆ.

ಬಾಣಂತಿಯೂ ಅಷ್ಟೇ, ಹಾಲು ಕುಡಿಸುವ ಮುಂಚೆ, ಬಟ್ಟೆ ಬದಲಾಯಿಸಿದ ಮೇಲೆ ಕೈ ತೊಳೆಯಲಿ. ಹೊಕ್ಕುಳ ಬಳ್ಳಿಗೆ ಎಣ್ಣೆ, ಅರಿಶಿನ, ಬೂದಿ ಏನೂ ಬೇಡ. ಒಣಗಿಯೇ ಇರಲಿ, ತಾನಾಗಿ ಬೀಳುತ್ತೆ. ಸುತ್ತ ಕೆಂಪಾದರೆ, ಕೀವು ಬಂದರೆ, ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಡಾಕ್ಟರು ಕೈ ತೊಳೆಯಬೇಕು ಅಂತ ಮೊದಲು ಹೇಳಿದ್ದು ಯಾರು?
– ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ. ಇಗ್ನಾಜ್ ಸೆಮ್ಮೆಲ್‌ವೈಸ್ ಅಂತ ಹಂಗೇರಿಯ ಡಾಕ್ಟರು. ಅವರಿಗಿಂತ ಮುಂಚೆಯೂ ಒಬ್ಬಿಬ್ಬರು ಹೇಳಿದ್ದರು, ಆದರೆ ಲೆಕ್ಕ ಇಟ್ಟು ತೋರಿಸಿದವರು ಇವರು.

ಅವರು ಆಸ್ಟ್ರಿಯಾದ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಎರಡು ಹೆರಿಗೆ ವಿಭಾಗ. ಮೊದಲನೆಯದರಲ್ಲಿ ಡಾಕ್ಟರು, ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಜಾಸ್ತಿ ತಾಯಂದಿರು ಬಾಣಂತಿ ಜ್ವರದಿಂದ ಸತ್ತರು, ಎರಡನೆಯದರಲ್ಲಿ ಮೂರಕ್ಕಿಂತ ಕಡಿಮೆ. ಊರಿನ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಮೊದಲನೇ ವಿಭಾಗಕ್ಕೆ ಹಾಕಬೇಡಿ ಅಂತ ಮಂಡಿಯೂರಿ ಬೇಡಿಕೊಳ್ಳುತ್ತಿದ್ದರಂತೆ. 1847ರಲ್ಲಿ ಅವರ ಗೆಳೆಯ ಕೊಲೆಚ್ಕಾ ಅನ್ನುವ ಡಾಕ್ಟರಿಗೆ ಹೆಣ ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಾಗಿತು. ಗಾಯ ನಂಜಾಗಿ ತೀರಿಕೊಂಡರು. ಅವರ ದೇಹದಲ್ಲಿ ಕಂಡದ್ದು ಬಾಣಂತಿಯರಲ್ಲಿ ಕಂಡದ್ದೇ. ಆಗ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ಡಾಕ್ಟರು, ವಿದ್ಯಾರ್ಥಿಗಳು ಬೆಳಿಗ್ಗೆ ಹೆಣ ಕೊಯ್ದು, ಆ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಸೂಲಗಿತ್ತಿಯರು ಹೆಣದ ಕೋಣೆಗೆ ಹೋಗುತ್ತಿರಲಿಲ್ಲ.

1847ರ ಮೇ ತಿಂಗಳ ಮಧ್ಯದಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ, ಅಂದರೆ ನಾವು ಬ್ಲೀಚಿಂಗ್ ಪೌಡರ್ ಅನ್ನುತ್ತೇವಲ್ಲ, ಆ ನೀರಿನಲ್ಲಿ ಎಲ್ಲರೂ ಕೈ ತೊಳೆದೇ ಒಳಗೆ ಬರಬೇಕು ಅಂತ ಕಟ್ಟುನಿಟ್ಟು ಮಾಡಿದರು. ಏಪ್ರಿಲಿನಲ್ಲಿ ಸಾವು ಶೇ. 18.3 ಇತ್ತು. ಜೂನಿನಲ್ಲಿ 2.2, ಜುಲೈಯಲ್ಲಿ 1.2. ಕ್ರಿಮಿಯಿಂದ ರೋಗ ಬರುತ್ತೆ ಅನ್ನುವುದೇ ಇನ್ನೂ ರುಜುವಾಗಿರದ ಕಾಲ. ದೊಡ್ಡ ಡಾಕ್ಟರುಗಳಲ್ಲಿ ಹಲವರು ಒಪ್ಪಲಿಲ್ಲ, ತಾಯಂದಿರ ಸಾವಿಗೆ ನಮ್ಮ ಕೈಯೇ ಕಾರಣ ಅಂತ ಒಪ್ಪಿಕೊಳ್ಳುವುದು ಸುಲಭವಲ್ಲ. 1865ರಲ್ಲಿ, ನಲವತ್ತೇಳನೇ ವಯಸ್ಸಿನಲ್ಲಿ, ಅವರು ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು. ಈ ಕಥೆ ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತೆ. ಇಲ್ಲಿಯೂ ಕೊರತೆ ಇದ್ದದ್ದು ಮುಟ್ಟುವ ಮುಂಚಿನ ಆ ಒಂದು ಸಲವೇ, ನೋಡಿ.

(ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೀವು ಕೈ ತೊಳೆಯಬೇಡಿ, ಚರ್ಮ ಸುಡುತ್ತೆ. ಅದೀಗ ನೆಲಕ್ಕೆ, ಚೆಲ್ಲಿದ ರಕ್ತಕ್ಕೆ.)

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆ ವಾರ್ಡಿನ ನಲ್ಲಿಯಲ್ಲಿ ಮಧ್ಯಾಹ್ನದ ಮೇಲೆ ನೀರೇ ಬರಲ್ಲ. ಕೈ ತೊಳಿ ಅಂದ್ರೆ ಎಲ್ಲಿ ತೊಳೀಲಿ?
– ರೈತರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ನ್ಯಾಯ. ನೀರಿಲ್ಲದ ಕಡೆ ಕೈ ತೊಳೆಯಿರಿ ಅಂತ ಪೋಸ್ಟರ್ ಹಾಕಿದರೆ ಏನೂ ಆಗಲ್ಲ.

ಇವತ್ತಿನ ಮಟ್ಟಿಗೆ ಒಂದು ಸ್ಯಾನಿಟೈಸರ್ ಬಾಟಲಿ ಜೊತೆಗಿರಲಿ. ಬೆಳಿಗ್ಗೆ ನೀರು ಬಂದಾಗ ಒಂದು ಕೊಡ ಮುಚ್ಚಳ ಹಾಕಿ ತುಂಬಿಟ್ಟುಕೊಳ್ಳಿ. ಕೈಯನ್ನು ಅದರೊಳಗೆ ಅದ್ದಬೇಡಿ, ಚೊಂಬಿನಲ್ಲಿ ತೆಗೆದು ಇನ್ನೊಬ್ಬರು ಹುಯ್ಯಲಿ. ಸೋಪಿನ ಬಿಲ್ಲೆ ನೀರಿನಲ್ಲಿ ನೆನೆದು ಮೆತ್ತಗಾಗದಂತೆ ತೂತಿರುವ ಡಬ್ಬಿಯಲ್ಲಿಡಿ.

ಆದರೆ ನೀರು ಕೊಡುವುದು ಆಸ್ಪತ್ರೆಯ ಕೆಲಸ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅಲ್ಲಿಗೆ ಬರೆದುಕೊಡಿ, ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಕಾಯಕಲ್ಪ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಶುಚಿತ್ವಕ್ಕೆ, ಸೋಂಕು ತಡೆಯುವುದಕ್ಕೆ ಅಂಕ ಕೊಟ್ಟು ಬಹುಮಾನ ಕೊಡುತ್ತಾರೆ. ಕೈ ತೊಳೆಯುವ ವ್ಯವಸ್ಥೆಯನ್ನೂ ನೋಡುತ್ತಾರೆ. ಅರ್ಜಿಯಲ್ಲಿ ಆ ಹೆಸರು ಬರೆಯಿರಿ. ನಾಲ್ಕು ಜನ ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ತಂದೆಯವರಿಗೆ ಪಾರ್ಶ್ವವಾಯು. ಯೂರಿನ್ ಪೈಪ್ ಹಾಕಿಯೇ ಮನೆಗೆ ಕಳಿಸಿದ್ದಾರೆ. ನಾನೇ ನೋಡಿಕೊಳ್ಳುವುದು. ಎರಡು ತಿಂಗಳಲ್ಲಿ ಎರಡು ಸಲ ಚಳಿ ಜ್ವರ ಬಂದು ಅಡ್ಮಿಟ್ ಮಾಡಿದೆವು. ನನ್ನಿಂದ ಏನು ತಪ್ಪಾಗುತ್ತಿದೆ?
– ಓದುಗರು, ಕುಂದಾಪುರ

ಉತ್ತರ: ನಿಮ್ಮಿಂದಲೇ ಆಯಿತು ಅಂದುಕೊಳ್ಳಬೇಡಿ. ಪೈಪ್ ಇದ್ದಷ್ಟು ದಿನ ಸೋಂಕಿನ ಭಯ ಇದ್ದೇ ಇರುತ್ತೆ, ದಿನ ಹೆಚ್ಚಾದ ಹಾಗೆ ಅದೂ ಹೆಚ್ಚುತ್ತೆ. ಹಾಗಾಗಿ ಮೊದಲ ಕೆಲಸ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ಈ ಪೈಪ್ ಇನ್ನೂ ಬೇಕಾ? ತೆಗೆದು ನೋಡಬಹುದಾ?" ಅಂತ ಕೇಳಿ. ಎಷ್ಟೋ ಸಲ ಕೇಳುವವರಿಲ್ಲದೆ ಪೈಪ್ ಹಾಗೇ ಉಳಿದುಬಿಡುತ್ತೆ.

ಬ್ಯಾಗ್ ಖಾಲಿ ಮಾಡಿದ ಮೇಲೆ ನೀವು ಖಂಡಿತ ಕೈ ತೊಳೆಯುತ್ತಿದ್ದೀರಿ. ಖಾಲಿ ಮಾಡುವ ಮುಂಚೆ? ಹೆಚ್ಚಿನ ಮನೆಗಳಲ್ಲಿ ಇದೇ ತಪ್ಪುತ್ತೆ. ಮೂತ್ರ ಗಲೀಜು, ಆಮೇಲೆ ತೊಳೆದರಾಯಿತು ಅಂತ ನೇರ ಬ್ಯಾಗಿಗೆ ಕೈ ಹಾಕುತ್ತೇವೆ. ಆದರೆ ತಂದೆಯವರ ಮೂತ್ರಕೋಶಕ್ಕೆ ಅಪಾಯ ನಿಮ್ಮ ಕೈಯಿಂದ. ಮುಂಚೆ ಸೋಪಿನಲ್ಲಿ ತೊಳೆಯಿರಿ. ಬ್ಯಾಗಿನ ಕೆಳಗಿನ ನಲ್ಲಿ ಮಗ್ಗಿಗೋ ಬಕೆಟ್ಟಿಗೋ ತಾಗಬಾರದು. ಮಗ್ಗು ಅದಕ್ಕೇ ಬೇರೆ ಇರಲಿ. ಮುಕ್ಕಾಲು ತುಂಬುವ ಮುಂಚೆಯೇ ಖಾಲಿ ಮಾಡಿ. ಬ್ಯಾಗ್ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗಬಾರದು, ಮಂಚದ ಅಡ್ಡಪಟ್ಟಿಗೆ ಕೊಕ್ಕೆಯಲ್ಲಿ ತೂಗುಹಾಕಿ. ಮಗ್ಗಲು ಬದಲಾಯಿಸುವಾಗ ಬ್ಯಾಗನ್ನು ಎತ್ತಿ ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ, ಆಗ ಹಳೆಯ ಮೂತ್ರ ವಾಪಸ್ ಒಳಗೆ ಹೋಗುತ್ತೆ. ಇದನ್ನು ಖಂಡಿತ ಮಾಡಬೇಡಿ. ಪೈಪ್ ಮಡಚಿಕೊಂಡಿಲ್ಲ ಅಂತ ಆಗಾಗ ನೋಡಿ. ಪೈಪಿಗೂ ಬ್ಯಾಗಿಗೂ ಇರುವ ಜೋಡಣೆಯನ್ನು ಸುಮ್ನೆ ಸುಮ್ನೆ ಬಿಚ್ಚಬೇಡಿ. ದಿನಕ್ಕೊಂದು ಸಲ ಪೈಪ್ ಒಳಹೋಗುವ ಜಾಗವನ್ನು ಸಾದಾ ಸೋಪು ನೀರಿನಲ್ಲಿ ಮೆತ್ತಗೆ ತೊಳೆದು ಒರೆಸಿ. ಡೆಟಾಲ್, ಪೌಡರ್ ಬೇಡ. ಡಾಕ್ಟರು ನೀರಿಗೆ ಮಿತಿ ಹೇಳಿಲ್ಲದಿದ್ದರೆ ಚೆನ್ನಾಗಿ ನೀರು ಕುಡಿಸಿ.

ಜ್ವರ, ನಡುಕ, ಕಿಬ್ಬೊಟ್ಟೆ ನೋವು, ಮೂತ್ರದಲ್ಲಿ ರಕ್ತ, ಅಥವಾ ತಂದೆಯವರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದವರ ಹಾಗೆ ಏನೇನೋ ಮಾತಾಡಿದರೆ ಅದೇ ದಿನ ತೋರಿಸಿ. ಬ್ಯಾಗಿಗೆ ಮೂತ್ರ ಬರುವುದೇ ನಿಂತರೂ ಅಷ್ಟೇ. ಪೈಪ್ ಬದಲಾಯಿಸಲು ಮನೆಗೆ ಬರುವ ಸಿಸ್ಟರ್ ಇದ್ದರೆ, ಅವರು ಚೀಲ ಕೆಳಗಿಟ್ಟ ಕೂಡಲೇ ಸೋಪು, ಒಗೆದ ಟವೆಲ್ ಕೊಟ್ಟು "ಬಚ್ಚಲು ಈ ಕಡೆ ಸಿಸ್ಟರ್" ಅನ್ನಿ. ತಂದೆಯವರು ಹೇಗಿದ್ದಾರೆ ಅಂತ ಮುಂದಿನ ತಿಂಗಳು ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.